ಶಿಡ್ಲಘಟ್ಟದ ಗೋಡೆಗೆ ಆರು ಫ್ರೇಮು: ಯಾವ್ದು ಕಲರ್, ಯಾವ್ದು ಬ್ಲ್ಯಾಕ್ ಅಂಡ್ ವೈಟ್

ಶಿಡ್ಲಘಟ್ಟದಲ್ಲಿ ನಮ್ಮ ಭಾವಂದು ರೇಷ್ಮೆ ರೀಲಿಂಗ್ ಯೂನಿಟ್ ಐತೆ, ಅಂದ್ರೆ ಗೂಡಿಂದ ರೇಷ್ಮೆ ಎಳೆ ಬಿಚ್ಚೋ ಜಾಗ, ಅದರ ಪಕ್ಕ ಹೊಸದಾಗಿ ಒಂದು ಆಫೀಸ್ ರೂಮ್ ಕಟ್ಟಿಸವ್ರೆ, ಅದರ ಒಂದು ಗೋಡೆಗೆ ಆರು ಫೋಟೊ ಹಾಕ್ಬೇಕು, ಅದೇ ಈ ಪ್ರಾಜೆಕ್ಟು. ಪ್ರಿಂಟ್ ಸೈಜು 12×18 ಇಂಚು, ಸುತ್ತ 2 ಇಂಚು ಬಿಳಿ ಮೌಂಟ್ (ಫೋಟೊ ಸುತ್ತ ಇಡೋ ದಪ್ಪ ಕಾಗದದ ಅಂಚು), ಹಂಗಾಗಿ ಒಂದೊಂದು ಫ್ರೇಮು 16×22. ಮೇಲೆ ಮೂರು ಕೆಳಗೆ ಮೂರು, ಮಧ್ಯ 3 ಇಂಚು ಗ್ಯಾಪು, ಒಟ್ಟು ಅಗಲ 72 ಇಂಚು ಅಂದ್ರೆ ಸರಿಯಾಗಿ 6 ಅಡಿ. ನನ್ನ ಕ್ಯಾಮೆರಾ 24 ಮೆಗಾಪಿಕ್ಸೆಲ್, 6000×4000, ಅದನ್ನ 18 ಇಂಚಿಗೆ ಹರಡಿದ್ರೆ ಇಂಚಿಗೆ 333 ಪಿಕ್ಸೆಲ್ ಬೀಳ್ತದೆ, ಸಿಕ್ಕಾಪಟ್ಟೆ ಕ್ರಾಪ್ ಮಾಡದೇ ಇದ್ರೆ ಧಾರಾಳ ಸಾಕು.

ಭಾವನ ಆರ್ಡರ್ ಶುರುವಲ್ಲೇ ಬಂತು, "ಎಲ್ಲಾನೂ ಬ್ಲ್ಯಾಕ್ ಅಂಡ್ ವೈಟ್ ಮಾಡ್ಬುಡಪ್ಪ, ಬೆಂಗ್ಳೂರಲ್ಲಿ ಒಂದು ಕಾಫಿ ಅಂಗಡೀಲಿ ನೋಡ್ದೆ, ರಿಚ್ಚಾಗಿ ಕಾಣ್ತಿತ್ತು" ಅಂತ. ಅಕ್ಕ ಅಡುಗೆಮನೆಯಿಂದಾನೇ, "ರೇಷ್ಮೆ ಊರಲ್ಲಿ ಇಟ್ಕೊಂಡು ಬಣ್ಣ ಇಲ್ದಿರೋ ಫೋಟೊ ಯಾಕ್ರೀ" ಅಂದ್ಲು. ನಾನು ಇಬ್ಬರಿಗೂ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ, ಒಂದೊಂದೇ ಫೋಟೊ ನೋಡಿ ಹೇಳ್ತೀನಿ ಅಂದೆ. ನೋಡೋ ರೀತಿ ಇಷ್ಟೇ: ಪ್ರತಿ ಫೋಟೊಗೂ ಕಲರ್ ಒಂದು, ಬಿಳುಪು ಕಪ್ಪು ಒಂದು ರೆಡಿ ಮಾಡಿ ಪಕ್ಕಪಕ್ಕ ಇಡೋದು, ಬಣ್ಣ ತೆಗೆದಾಗ ಏನು ಹೋಯ್ತು ಅಂತ ಕೇಳ್ಕೊಳೋದು. ಹೋಗಿದ್ದು ವಿಷಯಾನೇ ಆಗಿದ್ರೆ ಕಲರ್ ಇರ್ಲಿ, ಹೋಗಿದ್ದು ಬರೀ ಕಣ್ಣಿಗೆ ಅಡ್ಡ ಬರ್ತಿದ್ದ ಕಿರಿಕಿರಿ ಆಗಿದ್ರೆ ಕಪ್ಪು ಬಿಳುಪು.

ರೋಲ್ ಫಿಲ್ಮ್ ಕಾಲದಲ್ಲಿ ಇದನ್ನ ರೋಲ್ ಹಾಕೋವಾಗ್ಲೇ ತೀರ್ಮಾನ ಮಾಡ್ಬೇಕಿತ್ತು, ಒಂದು ಸಲ ಹಾಕಿದ್ರೆ 36 ಫೋಟೊ ಮುಗಿಯೋವರೆಗೂ ಅದೇ. ನಮ್ಮ ಮೈಸೂರಿನ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ (1923-2009) ಅವರ ಹೆಸರು ಕೇಳಿದ ಕೂಡ್ಲೇ ಕಣ್ಮುಂದೆ ಬರೋದು ಕಪ್ಪು ಬಿಳುಪು ಜನರ ಮುಖಗಳು, ಸಂಡೂರಿನ ಎಂ.ವೈ. ಘೋರ್ಪಡೆ ಅವರು ಕಾಡುಪ್ರಾಣಿಗಳನ್ನ ಕೂಡ ಕಪ್ಪು ಬಿಳುಪಲ್ಲೇ ತೆಗೆದೋರು. ಆ ಕಡೆ ರಘುಬೀರ್ ಸಿಂಗ್ (1942-1999) ಅಂತ ಇದ್ರು, ಅವರ ವಾದ ಉಲ್ಟಾ, ಭಾರತವನ್ನ ಬಣ್ಣದಲ್ಲೇ ನೋಡ್ಬೇಕು ಅನ್ನೋರು, ಜೀವನ ಪೂರ್ತಿ ಕಲರ್‌ನಲ್ಲೇ ತೆಗೆದ್ರು. ನನಗೆ ಎರಡೂ ಕಡೆಯೋರ ಮಾತು ಸರಿ ಅನ್ಸುತ್ತೆ, ಯಾಕಂದ್ರೆ ನಾನು ರಾ ಫೈಲಲ್ಲಿ (ಸೆನ್ಸರ್ ಹಿಡಿದಿದ್ದನ್ನ ಹಂಗಂಗೇ ಇಟ್ಕೊಳೋ ಫೈಲು) ತೆಗೀತೀನಿ, ತೀರ್ಮಾನ ಮನೇಲಿ ಟೀ ಕುಡ್ಕೊಂಡು ಮಾಡ್ಬಹುದು. ಕ್ಯಾಮೆರಾನ ಮೊನೋಕ್ರೋಮ್ ಮೋಡಲ್ಲಿ ಇಟ್ಟು ರಾ ತೆಗೆದ್ರೆ ಸ್ಕ್ರೀನ್ ಮೇಲೆ ಕಪ್ಪು ಬಿಳುಪು ಕಾಣ್ತದೆ, ಫೈಲಲ್ಲಿ ಬಣ್ಣ ಪೂರ್ತಿ ಇರ್ತದೆ. ಬೆಳಕು ಎಲ್ಲಿ ಬೀಳ್ತೈತೆ ಅಂತ ಬೇಗ ಕಾಣೋಕೆ ಇದು ಬಲು ಒಳ್ಳೇದು. ಜೆಪೆಗ್ ಮಾತ್ರ ತೆಗೆಯೋರು ಈ ಮೋಡ್ ಮುಟ್ಬೇಡಿ, ಬಣ್ಣ ವಾಪಸ್ ಬರಲ್ಲ.

ಫೋಟೊಗಳಿಗೆ ಹೋಗೋ ಮುಂಚೆ ಒಂದು ಲೆಕ್ಕ ಹೇಳ್ಬಿಡ್ತೀನಿ, ಇದು ಗೊತ್ತಿಲ್ದಿದ್ರೆ ಮುಂದಿಂದು ಅರ್ಥ ಆಗಲ್ಲ. ಸುಮ್ನೆ ಬ್ಲ್ಯಾಕ್ ಅಂಡ್ ವೈಟ್ ಬಟನ್ ಒತ್ತಿದ್ರೆ ಸಾಫ್ಟ್‌ವೇರು ಕೆಂಪು, ಹಸಿರು, ನೀಲಿ ಮೂರನ್ನೂ ಯಾವುದೋ ಒಂದು ಪ್ರಮಾಣದಲ್ಲಿ ಕಲಸಿ ಒಂದು ಬೂದು ಮಾಡ್ತದೆ. ಟಿವಿ ಕಾಲದಿಂದ ಬಂದಿರೋ ಪ್ರಮಾಣ ಸುಮಾರು ಕೆಂಪು 30, ಹಸಿರು 59, ನೀಲಿ 11 ಶೇಕಡಾ, ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಬೆಳಕಾಗಿ ಕಾಣ್ತದೆ ಅಂತ. ಆದ್ರೆ ಈ ಪ್ರಮಾಣ ದೇವರು ಬರೆದಿದ್ದೇನಲ್ಲ, ನಾವೇ ಬದಲಾಯಿಸ್ಬಹುದು. ಹಳಬರು ಲೆನ್ಸ್ ಮುಂದೆ ಹಳದಿ, ಕೇಸರಿ, ಕೆಂಪು ಫಿಲ್ಟರ್ ಹಾಕಿ ಮಾಡ್ತಿದ್ದಿದ್ದು ಇದನ್ನೇ, ಕೆಂಪು ಫಿಲ್ಟರ್ ನೀಲಿ ಬೆಳಕನ್ನ ತಡೀತದೆ ಹಂಗಾಗಿ ಆಕಾಶ ಕಪ್ಪಾಗಿ ಮೋಡ ಎದ್ದು ಕಾಣ್ತದೆ. ಈಗ ಕಂಪ್ಯೂಟರಲ್ಲಿ ಫೋಟೊ ತಿದ್ದೋ ಜಿಂಪ್‌ನಲ್ಲಿ ಮೋನೋ ಮಿಕ್ಸರ್ (ಈ ಪ್ರಮಾಣ ಬದಲಾಯಿಸೋ ಜಾಗ) ಐತೆ, ಡಾರ್ಕ್‌ಟೇಬಲ್‌ನಲ್ಲಿ ಕಲರ್ ಕ್ಯಾಲಿಬ್ರೇಷನ್ ಒಳಗೆ ಗ್ರೇ ಟ್ಯಾಬ್ ಐತೆ, ಎರಡೂ ಫ್ರೀ. ಮೊಬೈಲಲ್ಲಿ ಸ್ನ್ಯಾಪ್‌ಸೀಡ್‌ನಲ್ಲೂ ಬ್ಲ್ಯಾಕ್ ಅಂಡ್ ವೈಟ್ ಒಳಗೆ ಕಲರ್ ಫಿಲ್ಟರ್ ಆಯ್ಕೆ ಕೊಟ್ಟವ್ರೆ.

ಮೊದಲ ಫೋಟೊ ಗೂಡಿನ ಮಾರ್ಕೆಟ್ಟಿಂದು. ಬೆಳಿಗ್ಗೆ ಹೊತ್ತು, ರೈತರು ಚೀಲ ಬಿಚ್ಚಿ ಜಾಲರೀಲಿ ಗೂಡು ಸುರಿದವ್ರೆ, ಒಂದು ಜಾಲರೀಲಿ ಮಿಶ್ರತಳಿ, ಪಕ್ಕದ್ರಲ್ಲಿ ಬೈವೋಲ್ಟೀನು (ಎರಡೂ ರೇಷ್ಮೆ ಹುಳದ ತಳಿ), ಒಬ್ಬ ರೀಲರ್ ಎರಡರ ಮಧ್ಯೆ ನಿಂತು ಗೂಡು ಕೈಲಿ ಹಿಡಿದು ಕಿವಿ ಹತ್ರ ಅಲ್ಲಾಡಿಸ್ತಾವ್ನೆ. ಮಿಶ್ರತಳಿ ಗೂಡು ಹಳದಿ, ಬೈವೋಲ್ಟೀನ್ ಬಿಳಿ, ಇದು ಈ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಸ್ಕ್ರೀನ್ ಮೇಲೆ ಕಲರ್ ಪಿಕರ್ ಇಟ್ಟು ಓದಿದೆ (0 ಅಂದ್ರೆ ಪೂರ್ತಿ ಕತ್ತಲು, 255 ಅಂದ್ರೆ ಪೂರ್ತಿ ಬೆಳಕು): ಹಳದಿ ಗೂಡಿನ ಮೇಲೆ ಕೆಂಪು 225, ಹಸಿರು 200, ನೀಲಿ 110. ಬಿಳಿ ಗೂಡಿನ ಮೇಲೆ 215, 212, 200. ಈಗ ಮಾಮೂಲಿ 30-59-11 ಲೆಕ್ಕ ಹಾಕಿ, ಹಳದಿ ಬೂದು 198 ಆಗ್ತದೆ, ಬಿಳಿ 212 ಆಗ್ತದೆ. ಎರಡು ಲಾಟೂ ಒಂದೇ ಥರ! ಕಲರ್‌ನಲ್ಲಿ ಅಷ್ಟು ಢಾಳಾಗಿದ್ದ ವ್ಯತ್ಯಾಸ ಎಲ್ಲಾ ಹೋಗಿ ಒಂದೇ ದೊಡ್ಡ ಗುಡ್ಡೆ ಆಗ್ಬಿಡ್ತು.

ಸರಿ ಮಿಕ್ಸರ್ ತಿರುಗಿಸೋಣ ಅಂತ ಬರೀ ಕೆಂಪು ಚಾನೆಲ್ (ಅಂದ್ರೆ ಕೆಂಪಿನ ಅಂಕಿ ಮಾತ್ರ) ಇಟ್ಟೆ, ಹಳದಿ 225 ಬಿಳಿ 215, ಅಂದ್ರೆ ಹಳದಿ ಗೂಡು ಬಿಳಿಗಿಂತ ಬೆಳ್ಳಗಾಯ್ತು, ಇದು ಪಕ್ಕಾ ಸುಳ್ಳು. ಬರೀ ನೀಲಿ ಇಟ್ಟೆ, ಹಳದಿ 110 ಬಿಳಿ 200, ಈಗ ವ್ಯತ್ಯಾಸ ಬಂತಲ್ಲ ಅಂತ ಖುಷಿಯಾಗಿ ಭಾವನಿಗೆ ತೋರಿಸ್ದೆ, ಅವರು ಕನ್ನಡಕ ಹಾಕ್ಕೊಂಡು ನೋಡಿ, "ಇದ್ಯಾವ ಲಾಟಪ್ಪ, ಒಳಗೆ ಹುಳ ಸತ್ತು ಕರ್ರಗಾಗೈತೆ, ಇದನ್ನ ಯಾವೋನು ಕೂಗ್ತಾನೆ" ಅಂದ್ರು. ಅಲ್ಲಿಗೆ ಮುಗೀತು. ಗೂಡು ಕೊಳ್ಳೋನು ಬಣ್ಣ, ಹೊಳಪು ನೋಡೇ ರೇಟು ಕಟ್ಟೋದು, ಕಲೆ ಬಿದ್ದ ಗೂಡಿಗೆ ಬೆಲೆ ಇಲ್ಲ, ಇಂಥಾ ಕಡೆ ಆ ಬಣ್ಣ ಕಿತ್ತಾಕಿದ್ರೆ ಫೋಟೊದಲ್ಲಿ ಉಳಿಯೋದು ಯಾರೋ ಏನೋ ಹಿಡಿದು ನಿಂತವ್ನೆ ಅನ್ನೋದಷ್ಟೆ. ಕಲರ್, ಚರ್ಚೆ ಬೇಡ. ಇನ್ನೊಂದು ವಿಷ್ಯ, ನೀಲಿ ಚಾನೆಲ್ ಮೇಲೆ ಪೂರ್ತಿ ಭಾರ ಹಾಕಿದ್ರೆ ಗ್ರೇನು, ಅಂದ್ರೆ ಮರಳಿನಂಥ ಚುಕ್ಕಿ, ಎದ್ದು ಬರ್ತದೆ, ಯಾಕಂದ್ರೆ ಸೆನ್ಸರ್ ಮೇಲೆ ಅರ್ಧ ಪಿಕ್ಸೆಲ್ ಹಸಿರಿಗೆ, ಕಾಲು ಕೆಂಪಿಗೆ, ಕಾಲು ಭಾಗ ಮಾತ್ರ ನೀಲಿಗೆ ಇರೋದು. ಜೆಪೆಗ್ ಆದ್ರೆ ಇನ್ನೂ ಗೋಳು, ಬಣ್ಣದ ಮಾಹಿತಿನ ಮೊದಲೇ ಹಿಂಡಿ ಇಟ್ಟಿರ್ತಾರೆ, ನೀಲಿ ಎಳೆದ ತಕ್ಷಣ ಚೌಕ ಚೌಕ ಕಾಣ್ತದೆ.

ಎರಡನೇದು ರೀಲಿಂಗ್ ಯೂನಿಟ್ ಒಳಗೆ. ಇದು ನನಗೆ ಅತಿ ಇಷ್ಟದ ಫೋಟೊ, ಸ್ವಲ್ಪ ಉದ್ದ ಬರೀತೀನಿ. ಬಿಸಿನೀರಲ್ಲಿ ಗೂಡು ಬೇಯಿಸಿದ್ರೆ ಎಳೆಗೆ ಅಂಟಿರೋ ಗೋಂದು ಮೆತ್ತಗಾಗ್ತದೆ, ಆಗ ಎಳೆ ತುದಿ ಹುಡುಕಿ, ಕೆಲವು ಗೂಡಿನ ಎಳೆ ಒಟ್ಟಿಗೆ ಸೇರಿಸಿ ಮೇಲಕ್ಕೆ ರಾಟೆಗೆ ಕೊಡ್ತಾರೆ, ಒಂದು ಗೂಡಲ್ಲೇ ನೂರಾರು ಮೀಟರ್ ಎಳೆ ಇರ್ತದೆ. ಬೆಂದ ಹುಳದ ವಾಸನೆಗೆ ಹೊಸಬರು ಐದು ನಿಮಿಷ ನಿಲ್ಲಲ್ಲ. ಎಡಗಡೆ ಒಂದೇ ಒಂದು ಕಿಟಕಿ, ಅದರಿಂದ ಅಡ್ಡ ಬೆಳಕು, ಹಿಂದೆ ಹೊಗೆ ಹಿಡಿದ ಕಪ್ಪು ಗೋಡೆ, ಮುಂದೆ ಆವಿ, ಆವಿ ಮಧ್ಯದಿಂದ ಹೆಂಗಸಿನ ಕೈ ಎರಡು, ಬೆರಳ ಚರ್ಮ ನೀರಲ್ಲಿ ನೆಂದು ಸುಕ್ಕಾಗಿ ಬಿಳಚಿಕೊಂಡೈತೆ, ಆ ಬೆರಳಿಂದ ಮೇಲಕ್ಕೆ ಎಳೆಗಳು ಗೆರೆ ಗೆರೆಯಾಗಿ ಹೊಳೀತಾವೆ. ಇಷ್ಟೇ ಫೋಟೊ. ಆದ್ರೆ ಕಲರ್‌ನಲ್ಲಿ ನೋಡೋನ ಕಣ್ಣು ಎಳೆ ಮೇಲೆ ಹೋಗೋದೇ ಇಲ್ಲ, ಸೀದಾ ಹೋಗಿ ಬೀಳೋದು ಬಲಗಡೆ ಮೂಲೇಲಿರೋ ಕೆಂಪು ಪ್ಲಾಸ್ಟಿಕ್ ಬಕೆಟ್ ಮೇಲೆ! ಬಕೆಟ್ ಎತ್ತಿಡ್ರಮ್ಮ ಅನ್ನೋಕೆ ಆಗಲ್ಲ, ಅವರ ಕೆಲಸ ನಡೀತಿರ್ತದೆ, ಗೂಡು ಬೇಯ್ತಿರ್ತದೆ.

ಆ ಬಕೆಟ್ ರೀಡಿಂಗು 190, 40, 45. ಮಾಮೂಲಿ ಲೆಕ್ಕದಲ್ಲಿ ಬೂದು 86, ಪರವಾಗಿಲ್ಲ, ಆದ್ರೂ ಕಾಣ್ತದೆ. ಕೆಂಪು 10, ಹಸಿರು 75, ನೀಲಿ 15 ಇಟ್ಟೆ, ಬಕೆಟ್ 56ಕ್ಕೆ ಇಳಿದು ಹಿಂದಿನ ಗೋಡೆ ಜೊತೆ ಸೇರ್ಕೊಂಡ್ತು. ಮೂರೂ ಸೇರಿ 100 ಇದ್ರೆ ಆವಿ, ಎಳೆ ಇವುಕ್ಕೆ ಏನೂ ಆಗಲ್ಲ, ಅವು ಮೊದಲೇ ಬಣ್ಣ ಇಲ್ಲದವು, ಯಾವ ಚಾನೆಲಲ್ಲಿ ನೋಡಿದ್ರೂ ಅಷ್ಟೇ. ಕೈ ಮಾತ್ರ ಸ್ವಲ್ಪ ಕೆಳಗೆ ಇಳೀತು, 127 ಇದ್ದಿದ್ದು 116, ಅದು ನನಗೆ ಬೇಕಾಗೇ ಇತ್ತು, ಹಸಿರು ಜಾಸ್ತಿ ಇಟ್ರೆ ಚರ್ಮದ ಗೆರೆ, ಸುಕ್ಕು ಚೆನ್ನಾಗಿ ಬರ್ತವೆ, ಕೆಂಪು ಜಾಸ್ತಿ ಇಟ್ರೆ ಚರ್ಮ ಪೌಡರ್ ಬಳಿದಂಗೆ ನುಣ್ಣಗಾಗ್ತದೆ. ಮದುವೆ ಫೋಟೊಗೆ ನುಣುಪು ಬೇಕು, ಇಲ್ಲಿ ಯಾಕೆ. ತೆಗೆಯೋವಾಗ ನೋಡ್ಕೊಂಡಿದ್ದು ಒಂದೇ, ಎಳೆ ಮೇಲಿನ ಹೊಳಪು ಸುಟ್ಟು ಹೋಗ್ಬಾರ್ದು ಅಂತ ಮೀಟರ್‌ಗಿಂತ ಒಂದು ಸ್ಟಾಪ್ ಕಮ್ಮಿ (ಅಂದ್ರೆ ಅರ್ಧ ಬೆಳಕು) ಎಕ್ಸ್‌ಪೋಸ್ ಮಾಡಿದ್ದು. ಅಂದಹಾಗೆ ಅಂಥ ಆವಿ ರೂಮಿಗೆ ಹೋದ ತಕ್ಷಣ ಲೆನ್ಸ್ ಮಂಜಾಗ್ತದೆ, ಒರೆಸ್ತಾ ಕೂರಬೇಡಿ, ಕ್ಯಾಮೆರಾನ ಬ್ಯಾಗಲ್ಲೇ ಸ್ವಲ್ಪ ಹೊತ್ತು ಒಳಗೆ ಇಟ್ಟು ಬೆಚ್ಚಗಾದ ಮೇಲೆ ತೆಗೀರಿ, ಅಲ್ಲಿ ಲೆನ್ಸ್ ಬಿಚ್ಚಿ ಹಾಕೋ ಕೆಲಸ ಮಾತ್ರ ಬೇಡವೇ ಬೇಡ.

ಮೂರನೇದು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ, ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬ. 9ನೇ ಶತಮಾನದಿಂದ ಶುರುವಾಗಿ ಒಬ್ಬರಾದ ಮೇಲೆ ಒಬ್ಬರು ರಾಜರು ಕಟ್ಟಿ ಬೆಳೆಸಿರೋ ಜಾಗ, ಕಂಬದ ಕೆತ್ತನೆ ನೋಡ್ತಾ ನಿಂತ್ರೆ ಹೊತ್ತು ಹೋಗಿದ್ದೇ ತಿಳಿಯಲ್ಲ. ಇಲ್ಲಿ ತೀರ್ಮಾನ ಸುಲಭ, ಕಲ್ಲಿಗೆ ಬಣ್ಣಾನೇ ಇಲ್ಲ ಅನ್ನೋ ಹಂಗೆ, ಯಾವ ಚಾನೆಲ್ ತಿರುಗಿಸಿದ್ರೂ ಏನೂ ಬದಲಾಗಲ್ಲ, ಆಟ ಎಲ್ಲಾ ಬೆಳಕಿಂದೇ. ಬೆಳಿಗ್ಗೆ ಬಿಸಿಲು ಪಕ್ಕದಿಂದ ಸವರ್ಕೊಂಡು ಹೋಗೋವಾಗ ಕೆತ್ತನೆಗೆ ನೆರಳು ಸಿಗ್ತದೆ, ಆಗ ಕಪ್ಪು ಬಿಳುಪು ಅದ್ಭುತ. ಅದೇ ಕಂಬವನ್ನ ಮಟಮಟ ಮಧ್ಯಾಹ್ನ ತೆಗೆದ ಫೈಲೂ ಐತೆ ನನ್ಹತ್ರ, ಕಲರ್‌ನಲ್ಲಿ ಸಪ್ಪೆ, ಕಪ್ಪು ಬಿಳುಪಲ್ಲಿ ಇನ್ನೂ ಸಪ್ಪೆ. ಫೋಟೊ ಚೆನ್ನಾಗಿ ಬಂದಿಲ್ಲ ಅಂದ್ರೆ ಬ್ಲ್ಯಾಕ್ ಅಂಡ್ ವೈಟ್ ಮಾಡ್ಬಿಡು ಅಂತಾರಲ್ಲ, ಅಂಥೋರಿಗೆ ಇವೆರಡನ್ನ ಪಕ್ಕಪಕ್ಕ ತೋರಿಸ್ಬೇಕು. ಟ್ರೈಪಾಡ್ ತಗೊಂಡು ಹೋಗ್ಬೇಡಿ, ಪುರಾತತ್ವ ಇಲಾಖೆ ಜಾಗ, ಅದಕ್ಕೆ ಬೇರೆ ಪರ್ಮಿಷನ್ ಬೇಕು.

ನಾಲ್ಕನೇದು ಹಿಪ್ಪುನೇರಳೆ ತೋಟ. ಮಳೆ ಬಂದು ನಿಂತ ಮೇಲೆ, ಕೆಂಪು ಮಣ್ಣು, ಸಾಲು ಸಾಲು ಹಸಿರು, ಹಿಂದೆ ನಂದಿ ಬೆಟ್ಟ, ಮೇಲೆ ಮೋಡ. ಮೋಡ ನೋಡಿ ನನಗೂ ಆಸೆ ಆಯ್ತು, ಕಪ್ಪು ಬಿಳುಪು ಮಾಡಿದ್ರೆ ಹೆಂಗಿರ್ತದೆ ಅಂತ. ಸೊಪ್ಪಿನ ರೀಡಿಂಗು 85, 115, 50, ಮಣ್ಣು 150, 85, 55. ಲೆಕ್ಕ ಹಾಕಿದ್ರೆ ಸೊಪ್ಪು 99, ಮಣ್ಣು 101! ಕೆಂಪು ಯಾವುದು ಹಸಿರು ಯಾವುದು ಅಂತ ನಮ್ಮ ಕಣ್ಣು ಒಂದು ಮೈಲಿ ದೂರದಿಂದ ಹೇಳ್ತದೆ, ಬೂದು ಮಾಡಿದ್ರೆ ಎರಡೂ ಒಂದೇ, ಸಾಲುಗಳೇ ಮಾಯ. ಕೆಂಪು ಚಾನೆಲ್ ಏರಿಸಿದೆ, ಮೋಡ ಭರ್ಜರಿ ಬಂತು, ಆಕಾಶ ಕಪ್ಪಾಯ್ತು, ಆದ್ರೆ ಮಣ್ಣು ಬೆಳ್ಳಗೆ ಮರಳಿನಂಗಾಗಿ ಇದು ನಮ್ಮೂರಲ್ಲ ರಾಜಸ್ಥಾನ ಅನ್ನೋ ಹಂಗಾಯ್ತು. ಹಸಿರು ಏರಿಸಿದ್ರೆ ಸಾಲು ಬೇರೆ ಬೇರೆ ಆಗ್ತವೆ, ಆದ್ರೆ ಮೋಡ ಸಪ್ಪೆ. ಆಕಾಶ, ನೆಲ ಎರಡನ್ನೂ ಮಾಸ್ಕ್ ಹಾಕಿ ಬೇರೆ ಬೇರೆ ಮಾಡ್ಬಹುದು, ಮಾಡೋಕೆ ಬರ್ತದೆ ಕೂಡ, ಆದ್ರೆ ಚಿಕ್ಕಬಳ್ಳಾಪುರ ಕೋಲಾರದ ಕಡೆ ಮಣ್ಣಿನ ಕೆಂಪನ್ನ ಬಿಟ್ಟು ಅಷ್ಟೆಲ್ಲಾ ಒದ್ದಾಡಿ ಏನು ಗಳಿಸ್ದಂಗಾಯ್ತು. ಕಲರ್.

ಐದನೇದು ಹರಾಜಿನ ಹೊತ್ತಲ್ಲಿ ಮಾರ್ಕೆಟ್ ಪಕ್ಕದ ಟೀ ಅಂಗಡಿ, ಮೇಲೆ ನೀಲಿ ಟಾರ್ಪಾಲು, ಒಳಗೆ ಒಂದು ಟ್ಯೂಬ್‌ಲೈಟು, ಮುಂದೆ ರಸ್ತೆ ಕಡೆಯಿಂದ ಬಿಸಿಲು. ಅರ್ಧ ಮುಖ ನೀಲಿ, ಅರ್ಧ ಮುಖ ಹಸಿರು, ಲೋಟ ಹಿಡಿದ ಕೈ ಮಾತ್ರ ಸರಿಯಾದ ಬಣ್ಣ. ವೈಟ್ ಬ್ಯಾಲೆನ್ಸು (ಬಿಳಿ ಬಿಳಿಯಾಗೇ ಕಾಣೋ ಹಂಗೆ ಮಾಡೋ ಹೊಂದಾಣಿಕೆ) ಒಂದು ಬೆಳಕಿಗೆ ಸರಿ ಮಾಡಿದ್ರೆ ಇನ್ನೊಂದು ಕೆಡ್ತದೆ. ಆದ್ರೆ ಆ ಫೋಟೊದಲ್ಲಿ ನಾಲ್ಕು ಜನ ಒಬ್ಬನ ಮಾತು ಕೇಳ್ತಾ ಮುಂದಕ್ಕೆ ಬಾಗಿರೋ ಭಂಗಿ ಐತಲ್ಲ, ಅದಕ್ಕೆ ಬಣ್ಣದ ಹಂಗೇ ಇಲ್ಲ. ಕಪ್ಪು ಬಿಳುಪು, ಇಲ್ಲಿ ಕೆಂಪು ಸ್ವಲ್ಪ ಜಾಸ್ತಿ, 45-40-15, ಟಾರ್ಪಾಲಿನ ನೀಲಿ ಕಪ್ಪಾಗ್ಲಿ ಮುಖ ಬೆಳಕಿಗೆ ಬರ್ಲಿ ಅಂತ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ ತೆಗೆದಿದ್ದು, ಕಲರ್‌ನಲ್ಲಿ ಕೆಂಪು ಹಸಿರು ಚುಕ್ಕಿ ಕಾಣ್ತಿತ್ತು, ಬಣ್ಣ ಹೋದ ಮೇಲೆ ಉಳಿದ ಗ್ರೇನು ಕಣ್ಣಿಗೆ ಹಿತವಾಗೇ ಐತೆ.

ಆರನೇದು ಯಜಮಾನರು, ಅಂದ್ರೆ ಭಾವನ ತಂದೆ. ಬಿಳಿ ಅಂಗಿ, ಬಿಳಿ ಪಂಚೆ, ಹಿಂದೆ ರೇಷ್ಮೆ ಲಡಿ ನೇತುಹಾಕಿರೋದು. ಫೋಟೊಗ್ರಾಫರ್ ಆಗಿ ಕೇಳಿದ್ರೆ ನನ್ನ ಓಟು ಕಪ್ಪು ಬಿಳುಪಿಗೆ, ಮುಖದ ಗೆರೆ, ಬಿಳಿ ಹುಬ್ಬು, ಲಡಿ ಹೊಳಪು ಎಲ್ಲಾ ಒಂದೇ ಲಯದಲ್ಲಿ ಕೂತಿದ್ವು. ಟೆಸ್ಟ್ ಪ್ರಿಂಟ್ ಟೇಬಲ್ ಮೇಲೆ ಇಟ್ಟೆ, ಅತ್ತೆ ಬಂದು ನೋಡಿ, "ಏನಪ್ಪಾ, ಇವರು ಇನ್ನೂ ಗಟ್ಟಿಮುಟ್ಟಾಗಿ ಓಡಾಡ್ಕೊಂಡವ್ರೆ, ನೀನು ಗೋಡೆಗೆ ಹತ್ತಿಸ್ಬುಟ್ಟೆ, ಒಂದು ಹಾರ ತಂದಾಕು ಮುಗೀತು" ಅಂದ್ರು. ಯಜಮಾನರು ನಕ್ಕೊಂಡು ಸುಮ್ನಿದ್ರು, ಆದ್ರೆ ಅತ್ತೆ ಹೇಳಿದ್ದು ತಮಾಷೆಗಲ್ಲ. ನಮ್ಮ ಕಡೆ ಮನೆಗಳಲ್ಲಿ ಗೋಡೆ ಮೇಲಿನ ಕಪ್ಪು ಬಿಳುಪು ಮುಖ ಅಂದ್ರೆ ತಾತ ಮುತ್ತಾತಂದೇ, ಕುಂಕುಮ ಇಟ್ಟು ಸೀರಿಯಲ್ ಲೈಟ್ ಹಾಕಿರೋದು, ಅದನ್ನ ನೋಡಿ ಬೆಳೆದ ಕಣ್ಣಿಗೆ ಹಿಸ್ಟೋಗ್ರಾಮ್ (ಬೆಳಕು ಕತ್ತಲಿನ ಗ್ರಾಫು) ತೋರಿಸಿ ವಾದ ಮಾಡೋಕಾಗ್ತದಾ. ಕಂದು ಬಣ್ಣದ ಟೋನ್ ಕೊಟ್ಟು ನೋಡೋಣ ಅಂದ ಭಾವ, ಅದು ಇನ್ನೂ ಹಳೇ ಕಾಲಕ್ಕೆ ಒಯ್ತದೆ ಬೇಡ ಅಂದೆ. ಕಲರ್‌ಗೇ ಹೋದ್ವಿ, ಹಿಂದಿನ ಲಡಿ ಒಂಚೂರು ಕತ್ತಲು ಮಾಡಿ, ಮುಖದ ಬಣ್ಣ ಇದ್ದಂಗೇ ಬಿಟ್ಟು. ಗೋಡೆ ಅವರದು.

ಗೋಡೆ ಮೇಲೆ ಜೋಡಿಸೋದು ಬೇರೇನೇ ಕೆಲಸ. 4×6 ಸೈಜಲ್ಲಿ ಆರೂ ಪ್ರಿಂಟ್ ಮಾಡಿಸಿ ನೆಲದ ಮೇಲೆ ಹರಡಿ ಅದಲು ಬದಲು ಮಾಡಿ ನೋಡಿದ್ವಿ. ಒಂದು ಕಲರ್ ಒಂದು ಕಪ್ಪು ಬಿಳುಪು ಅಂತ ಚೆಸ್ ಬೋರ್ಡ್ ಥರ ಇಟ್ರೆ ಆ ಹಳದಿ ಗೂಡಿನ ಫೋಟೊ ಪಕ್ಕ ಇರೋ ಎಲ್ಲಾ ಕಪ್ಪು ಬಿಳುಪನ್ನೂ ಸಾಯಿಸ್ತದೆ, ರೀಲಿಂಗ್ ಫೋಟೊ ಝೆರಾಕ್ಸ್ ಕಾಪಿ ಥರ ಕಾಣೋಕೆ ಶುರುವಾಯ್ತು. ಕೊನೆಗೆ ಮೇಲಿನ ಸಾಲು ಪೂರ್ತಿ ಕಪ್ಪು ಬಿಳುಪು, ಮಧ್ಯದಲ್ಲಿ ರೀಲಿಂಗು. ಕೆಳಗಿನ ಸಾಲು ಪೂರ್ತಿ ಕಲರು, ಮಧ್ಯದಲ್ಲಿ ಯಜಮಾನರು, ಅವರ ಎರಡೂ ಪಕ್ಕ ತೋಟ ಮತ್ತೆ ಗೂಡು.

ಪ್ರಿಂಟ್ ವಿಷ್ಯ. ಲ್ಯಾಬಿನ ಮಿಷನ್ನಲ್ಲಿ ಹಾಕೋದು ಕಲರ್ ಪೇಪರೇ, ಮೂರು ಬಣ್ಣದ ಪದರ ಸರಿಸಮ ಸೇರಿದ್ರೆ ಮಾತ್ರ ಬೂದು ಬೂದಾಗಿರ್ತದೆ, ಒಂಚೂರು ಆಚೆ ಈಚೆ ಆದ್ರೂ ಹಸಿರು ಛಾಯೆನೋ ನೇರಳೆ ಛಾಯೆನೋ ಬರ್ತದೆ, ಕಲರ್ ಫೋಟೊದಲ್ಲಿ ಯಾರಿಗೂ ಗೊತ್ತಾಗಲ್ಲ, ಕಪ್ಪು ಬಿಳುಪಲ್ಲಿ ಎದ್ದು ಕೂತಿರ್ತದೆ. ಒಂದು ಲ್ಯಾಬಿಂದ ಬಂದ ಟೆಸ್ಟು ಪೂರ್ತಿ ಹಸಿರು, ಕೇಳಿದ್ರೆ ಮಾನಿಟರಲ್ಲಿ ಸರಿಯಾಗೈತೆ ಸಾರ್ ಅಂದ್ರು. ಹಂಗಾಗಿ ಟೆಸ್ಟ್ ಫೈಲಿನ ಅಂಚಲ್ಲಿ ಕಪ್ಪಿಂದ ಬಿಳಿವರೆಗೆ 11 ಮೆಟ್ಟಿಲಿನ ಬೂದು ಪಟ್ಟಿ ಹಾಕಿ ಕೊಟ್ಟೆ, ಮಿಷನ್ನಿನ ಆಟೋ ಕರೆಕ್ಷನ್ ಆಫ್ ಮಾಡಿ ಅಂತ ಹೇಳಿ, ಫೈಲನ್ನ ಮಾಮೂಲಿ ಬಣ್ಣದ ಅಳತೆಯಾದ ಎಸ್‌ಆರ್‌ಜಿಬಿಲೇ ಕೊಟ್ಟು. ಪಟ್ಟಿ ಇದ್ರೆ ಜಗಳ ಬೇಕಿಲ್ಲ, ಯಾವ ಮೆಟ್ಟಿಲಲ್ಲಿ ಛಾಯೆ ಬಂದೈತೆ ಅಂತ ಬೆರಳಿಟ್ಟು ತೋರಿಸ್ಬಹುದು. ಮತ್ತೆ ಪ್ರಿಂಟನ್ನ ಅಂಗಡಿ ಎಲ್ಇಡಿ ಕೆಳಗೆ ನೋಡಿ ಓಕೆ ಅನ್ಬೇಡಿ, ಹೊರಗೆ ನೆರಳಲ್ಲಿ ಹಗಲು ಬೆಳಕಲ್ಲಿ ನೋಡಿ.

ಮೌಂಟು, ಫ್ರೇಮು ಚಿಕ್ಕಬಳ್ಳಾಪುರದಲ್ಲೇ ಕಟ್ಟಿಸಿದ್ದು, ತೆಳು ಕಪ್ಪು ಮರದ ಪಟ್ಟಿ, ಅದ್ರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಗಾಜು ಮೇಲಿನ ಸಾಲಿಗೆ ಹಾಕ್ಲಿಲ್ಲ, ಎದುರಿಗೆ ಕಿಟಕಿ, ಕಪ್ಪು ಜಾಸ್ತಿ ಇರೋ ಫೋಟೊಗೆ ಗಾಜು ಹಾಕಿದ್ರೆ ನಮ್ಮ ಮುಖಾನೇ ನಾವು ನೋಡ್ಕೋಬೇಕು, ಮ್ಯಾಟ್ ಲ್ಯಾಮಿನೇಷನ್ ಮಾಡಿಸಿದ್ವಿ. ರೂಮಿನ ಹಳದಿ ಬಲ್ಬು ತೆಗೆಸಿ ನ್ಯೂಟ್ರಲ್ 4000 ಕೆಲ್ವಿನ್ನಿಂದು ಹಾಕಿಸಿದ್ವಿ, ಹಳದಿ ಬೆಳಕಲ್ಲಿ ಬಿಳಿ ಗೂಡೂ ಮಿಶ್ರತಳಿ ಆಗ್ಬಿಡ್ತಿತ್ತು. ಪ್ರತಿ ಫ್ರೇಮಿನ ಬೆನ್ನಿಗೆ ಮಿಕ್ಸರ್ ನಂಬರು, ಫೈಲ್ ಹೆಸರು ಪೆನ್ಸಿಲಲ್ಲಿ ಬರೆದೈತೆ, ಯಾವಾಗಾದ್ರೂ ತೇವ ಹಿಡಿದು ಮತ್ತೆ ಪ್ರಿಂಟ್ ಹಾಕಿಸ್ಬೇಕಾದ್ರೆ ಇರ್ಲಿ ಅಂತ. ಟೀ ಅಂಗಡಿ ಪ್ರಿಂಟು ಮಾತ್ರ ಇನ್ನೊಂದು ಸಲ ಆಗ್ಬೇಕು, ಟಾರ್ಪಾಲಿನ ಕೆಳಗಿನ ನೆರಳು ಪೇಪರ್ ಮೇಲೆ ಕಟ್ಕೊಂಡು ಎಡಗಡೆಯೋನ ಶರ್ಟು ಗೋಡೆ ಜೊತೆ ಸೇರೋಗೈತೆ, ನೀಲಿನ 15ರಿಂದ 25ಕ್ಕೆ ಏರಿಸಿ ಕೆಂಪು ಅಷ್ಟು ಇಳಿಸಿ ಮುಂದಿನ ವಾರ ಲ್ಯಾಬಿಗೆ ಕಳಿಸ್ತಾ ಇದ್ದೀನಿ.